ಆರ್ಟ್ಸ್ ಓದಿದವರು ವೈದ್ಯಕೀಯ, ವಿಜ್ಞಾನದ ಬಗ್ಗೆ ಸಂಶೋಧನೆ ಮಾಡಲು ಸ್ಕಾಲರ್‌ಶಿಪ್ ಪಡೆಯುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರ, ಮಾನವಶಾಸ್ತ್ರ ಓದಿದವರು ಕಾಯಿಲೆ, ಲಸಿಕೆ, ಆಸ್ಪತ್ರೆ, ಪ್ರಯೋಗಾಲಯಗಳ ಬಗ್ಗೆ ಸಂಶೋಧನೆ ಮಾಡಬಹುದು, ಅದಕ್ಕೆ ವಿಶ್ವವಿದ್ಯಾಲಯಗಳು ದುಡ್ಡೂ ಕೊಡುತ್ತವೆ ಅಂದರೆ ಎಷ್ಟೋ ಜನ ನಂಬುವುದಿಲ್ಲ. "ಆರ್ಟ್ಸ್‌ನವರಿಗೆ ಅಲ್ಲೇನು ಕೆಲಸ?" ಅನ್ನುತ್ತಾರೆ. ಕೆಲಸ ಬೇಕಾದಷ್ಟಿದೆ, ಹೊಸದೂ ಅಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ವೈದ್ಯಕೀಯದ ಇತಿಹಾಸಕ್ಕೆಂದೇ ಒಂದು ಸಂಸ್ಥೆ ತೆರೆದದ್ದು 1929ರಲ್ಲಿ. ವಿಜ್ಞಾನದ ಇತಿಹಾಸಕಾರರ ಸಂಘ ಹಿಸ್ಟರಿ ಆಫ್ ಸೈನ್ಸ್ ಸೊಸೈಟಿ ಅದಕ್ಕೂ ಮುಂಚೆ, 1924ರಲ್ಲೇ ಶುರುವಾಯಿತು.

ತೊಡಕು ಇರುವುದು ಹುಡುಕುವ ರೀತಿಯಲ್ಲಿ. ವೈದ್ಯಕೀಯವನ್ನು ಆರ್ಟ್ಸ್ ವಿಷಯಗಳ ಮೂಲಕ ಓದುವುದಕ್ಕೆ ಮೆಡಿಕಲ್ ಹ್ಯುಮ್ಯಾನಿಟೀಸ್ ಅನ್ನುತ್ತಾರೆ. ಆದರೆ "ಮೆಡಿಕಲ್ ಹ್ಯುಮ್ಯಾನಿಟೀಸ್ ಸ್ಕಾಲರ್‌ಶಿಪ್" ಅಂತ ಹುಡುಕಿದರೆ ಸಿಗುವುದು ಸ್ವಲ್ಪವೇ. ಈ ಕ್ಷೇತ್ರದ ದುಡ್ಡಿನ ಬಹುಪಾಲಿಗೆ ಆ ಹೆಸರೇ ಇರುವುದಿಲ್ಲ. ಇತಿಹಾಸ ವಿಭಾಗದ ಫೆಲೋಶಿಪ್ ಆಗಿ, ವಿಶ್ವವಿದ್ಯಾಲಯದ ಸಾಮಾನ್ಯ ಸ್ಕಾಲರ್‌ಶಿಪ್ ಆಗಿ, ಆರೋಗ್ಯ ಸಂಶೋಧನೆಯ ನಿಧಿಯಾಗಿ ಅದು ಚದುರಿಹೋಗಿದೆ. ಅದಕ್ಕೇ ಇಲ್ಲಿ ಹೇಳುವ ಕ್ರಮ ಸ್ವಲ್ಪ ಉಲ್ಟಾ ಅನ್ನಿಸಬಹುದು: ಮೊದಲು ಪ್ರಶ್ನೆ, ಆಮೇಲೆ ಗೈಡ್, ಕೊನೆಗೆ ದುಡ್ಡು.

ಹಂತ 1: ನಿಮ್ಮದು ಯಾವ ದಾರಿ?

ಎರಡು ದಾರಿಗಳಿವೆ. ಎರಡನ್ನೂ ಒಂದೇ ಅಂದುಕೊಂಡು ತಿಂಗಳುಗಟ್ಟಲೆ ಕಳೆಯುವವರಿದ್ದಾರೆ.

ಒಂದು, ಆರ್ಟ್ಸ್ ಓದಿ ನಿಜವಾಗಿಯೂ ಡಾಕ್ಟರ್ ಆಗುವುದು. ಅಮೆರಿಕದಲ್ಲಿ ವೈದ್ಯಕೀಯ ಓದು ಪದವಿಯ ನಂತರ ಶುರುವಾಗುತ್ತದೆ. ಪದವಿ ಯಾವ ವಿಷಯದಲ್ಲಿದ್ದರೂ ಸರಿ, ಬೇಕಾದ ವಿಜ್ಞಾನದ ಕೋರ್ಸುಗಳನ್ನು ಮುಗಿಸಿರಬೇಕು. ನ್ಯೂಯಾರ್ಕ್‌ನ ಮೌಂಟ್ ಸೈನಾಯ್ ವೈದ್ಯಕೀಯ ಕಾಲೇಜು 1987ರಿಂದಲೇ ಹ್ಯುಮ್ಯಾನಿಟೀಸ್ ವಿದ್ಯಾರ್ಥಿಗಳನ್ನು ಮುಂಗಡವಾಗಿ ಆಯ್ಕೆ ಮಾಡಿಕೊಳ್ಳುವ ಕಾರ್ಯಕ್ರಮ ನಡೆಸಿತು. ಆದರೆ ಅದು ಸೀಟು, ಸ್ಕಾಲರ್‌ಶಿಪ್ ಅಲ್ಲ. ಶುಲ್ಕದ ವಿಷಯಕ್ಕೆ ಬಂದರೆ, ಅಲ್ಲಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜು 2024ರಲ್ಲಿ ನೂರು ಕೋಟಿ ಡಾಲರ್ ದಾನ ಬಂದ ಮೇಲೆ ಎಲ್ಲರಿಗೂ ಬೋಧನಾ ಶುಲ್ಕವನ್ನೇ ತೆಗೆದುಹಾಕಿತು. ಇಂಥವು ಕೈಬೆರಳಲ್ಲಿ ಎಣಿಸುವಷ್ಟು.

ಎರಡನೆಯದು, ವೈದ್ಯಕೀಯ ಮತ್ತು ವಿಜ್ಞಾನವನ್ನು ಮಾನವಿಕ ಶಾಸ್ತ್ರಗಳ ಕಣ್ಣಿನಿಂದ ನೋಡುವುದು. ರೋಗಿಗಳು ಬರೆದ ಪತ್ರಗಳನ್ನು ಓದುವುದು, ಔಷಧ ಪರೀಕ್ಷೆಯ ನೈತಿಕತೆ ಕೇಳುವುದು, ಸಾಂಕ್ರಾಮಿಕದ ಕಾಲದಲ್ಲಿ ಜನ ಏನು ನಂಬಿದರು ಅಂತ ಹುಡುಕುವುದು. ಈ ಮಾರ್ಗದರ್ಶಿ ಇದರ ಬಗ್ಗೆ.

ಹಂತ 2: ಪ್ರಶ್ನೆಯನ್ನು ಹದಕ್ಕೆ ತನ್ನಿ

ಆಯ್ಕೆ ಸಮಿತಿಯಲ್ಲಿ ಕೂತವರು ಒಂದೇ ಬಾರಿಗೆ ಹತ್ತಾರು ಅರ್ಜಿ ಓದುತ್ತಾರೆ. "ನನಗೆ ವೈದ್ಯಕೀಯ ಮತ್ತು ಸಮಾಜದ ಸಂಬಂಧದ ಬಗ್ಗೆ ಆಸಕ್ತಿಯಿದೆ" ಅನ್ನುವ ಸಾಲು ಅದರಲ್ಲಿ ಅರ್ಧದಷ್ಟು ಅರ್ಜಿಗಳಲ್ಲಿ ಇದ್ದರೆ ಆಶ್ಚರ್ಯವಿಲ್ಲ. ಆ ಸಾಲಿನಿಂದ ನೀವು ಯಾರು ಅಂತ ಗೊತ್ತಾಗುವುದಿಲ್ಲ.

ಒಂದು ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಿಡುಬು ನಿರ್ಮೂಲನೆಯ ಬಗ್ಗೆ ಬರೆಯಬೇಕು ಅಂತ ನಿಮಗಿದೆ ಅಂದುಕೊಳ್ಳಿ. 1977ರಲ್ಲಿ ಸೊಮಾಲಿಯಾದಲ್ಲಿ ಕೊನೆಯ ಸಹಜ ಪ್ರಕರಣ ಕಂಡಿತು, 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರೋಗ ಹೋಯಿತೆಂದು ಘೋಷಿಸಿತು. ಇದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಆ ಕಾಲದ ಕಾರ್ಯಕರ್ತರ ಕೈಯಲ್ಲಿ ಒಂದು ಕಾರ್ಡ್ ಇರುತ್ತಿತ್ತು. ಅದರ ಮೇಲೆ ಮೈತುಂಬಾ ಸಿಡುಬು ಎದ್ದ ಮಗುವಿನ ಫೋಟೊ. ಮನೆಮನೆಗೆ ಹೋಗಿ ಅದನ್ನು ತೋರಿಸಿ, "ಈ ಥರ ಯಾರಿಗಾದರೂ ಆಗಿದೆಯಾ?" ಎಂದು ಕೇಳುತ್ತಿದ್ದರು. ಈಗ ಪ್ರಶ್ನೆ ಹುಟ್ಟಿತು ನೋಡಿ. ಓದು ಬರಹ ಬಾರದವರ ಜೊತೆ ಒಂದು ಚಿತ್ರ ಹೇಗೆ ಮಾತಾಡಿತು? ಆ ಫೋಟೊವನ್ನು ತಾಯಂದಿರು ರೋಗದ ಗುರುತಾಗಿ ನೋಡಿದರೋ, ಅಪಶಕುನವಾಗಿ ನೋಡಿದರೋ? ಕಾರ್ಯಕರ್ತರ ವರದಿಗಳಲ್ಲಿ ಅದರ ಸುಳಿವು ಇದೆಯೇ? ಸಿಡುಬು ಕಾರ್ಯಕ್ರಮದ ಕಡತಗಳು ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ದಾಖಲೆ ಸಂಗ್ರಹದಲ್ಲಿವೆ. ಅಂದರೆ ಪ್ರಶ್ನೆಯೂ ಇದೆ, ಆಕರವೂ ಇದೆ, ಸಾಹಿತ್ಯ ಅಥವಾ ಇತಿಹಾಸ ಓದಿದವರಿಗೇ ಸರಿಯಾಗಿ ಒಗ್ಗುವ ಕೆಲಸವೂ ಹೌದು. ಡಾಕ್ಟರೊಬ್ಬರು ಈ ಪ್ರಶ್ನೆ ಕೇಳುವ ಸಾಧ್ಯತೆ ಕಡಿಮೆ ಅಲ್ವಾ? ಅರ್ಜಿಯಲ್ಲಿ ನಿಮ್ಮ ಬಲ ಕಾಣಬೇಕಾದದ್ದು ಅಲ್ಲೇ.

ನಿಮ್ಮ ವಿಷಯ ಯಾವುದೇ ಇರಲಿ, ಮೂರಕ್ಕೆ ಉತ್ತರ ಬರೆದಿಟ್ಟುಕೊಳ್ಳಿ. ನೀವು ನೋಡುವ ವಸ್ತು ಅಥವಾ ದಾಖಲೆ ಯಾವುದು? ಅದು ಎಲ್ಲಿದೆ, ನಿಮಗೆ ಓದಲು ಬರುವ ಭಾಷೆಯಲ್ಲಿದೆಯೇ? ಈವರೆಗೆ ಬರೆದವರು ಏನನ್ನು ಬಿಟ್ಟಿದ್ದಾರೆ? ಮೂರನೆಯದಕ್ಕೆ ಒಂದಷ್ಟು ಓದಲೇಬೇಕು, ಅಡ್ಡದಾರಿ ಇಲ್ಲ. ಹಳೆಯ ದಾಖಲೆಗಳನ್ನು ನೋಡಲು ಪ್ರಯಾಣವೇ ಬೇಕೆಂದಿಲ್ಲ. ಲಂಡನ್ನಿನ ವೆಲ್‌ಕಮ್ ಕಲೆಕ್ಷನ್ ಮತ್ತು ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಸಾಕಷ್ಟು ಪುಸ್ತಕ, ಚಿತ್ರ, ಕೈಬರಹಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿವೆ.

ಇನ್ನೊಂದು ಮಾತು. ನಿಮಗೆ ಕನ್ನಡ, ಉರ್ದು, ತಮಿಳು, ಮೋಡಿ ಲಿಪಿ ಹೀಗೆ ಏನು ಓದಲು ಬಂದರೂ ಅದನ್ನು ಅರ್ಜಿಯ ಮೂಲೆಯಲ್ಲಿ ಬಚ್ಚಿಡಬೇಡಿ. ಈ ಕ್ಷೇತ್ರದಲ್ಲಿ ಇಂಗ್ಲಿಷ್ ಆಕರಗಳ ಮೇಲಷ್ಟೇ ನಿಂತ ಕೆಲಸ ಜಾಸ್ತಿಯೇ ಆಗಿದೆ. ಬೇರೆ ಭಾಷೆಯ ದಾಖಲೆ ಓದಬಲ್ಲವರಿಗೆ ಬೆಲೆ ಇದೆ.

ಹಂತ 3: ವಿಭಾಗ ಮತ್ತು ಗೈಡ್

ಒಂದೇ ಕ್ಷೇತ್ರ ಬೇರೆ ಬೇರೆ ಕಡೆ ಬೇರೆ ಬೇರೆ ಬೋರ್ಡು ಹಾಕಿಕೊಂಡಿದೆ. ಕೇಂಬ್ರಿಜ್‌ನಲ್ಲಿ ವಿಭಾಗದ ಹೆಸರು ಹಿಸ್ಟರಿ ಅಂಡ್ ಫಿಲಾಸಫಿ ಆಫ್ ಸೈನ್ಸ್. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹಿಸ್ಟರಿ ಅಂಡ್ ಸೋಷಿಯಾಲಜಿ ಆಫ್ ಸೈನ್ಸ್. ಮ್ಯಾಂಚೆಸ್ಟರ್‌ನಲ್ಲಿ ವಿಜ್ಞಾನ, ತಂತ್ರಜ್ಞಾನ, ವೈದ್ಯಕೀಯ ಮೂರರ ಇತಿಹಾಸಕ್ಕೂ ಸೇರಿ ಒಂದು ಕೇಂದ್ರ. ಡರಮ್ ವಿಶ್ವವಿದ್ಯಾಲಯದಲ್ಲಿ ಇನ್‌ಸ್ಟಿಟ್ಯೂಟ್ ಫಾರ್ ಮೆಡಿಕಲ್ ಹ್ಯುಮ್ಯಾನಿಟೀಸ್. ಹಾರ್ವರ್ಡ್‌ನಲ್ಲಿ ಹಿಸ್ಟರಿ ಆಫ್ ಸೈನ್ಸ್. ಕಾರ್ನೆಲ್‌ನಲ್ಲಿ ಸೈನ್ಸ್ ಅಂಡ್ ಟೆಕ್ನಾಲಜಿ ಸ್ಟಡೀಸ್. ಕೊಲಂಬಿಯಾದಲ್ಲಿ ವೈದ್ಯೆ ರೀಟಾ ಶರೋನ್ ಕಟ್ಟಿದ, ರೋಗಿಗಳ ಕಥನಕ್ಕೆ ಕಿವಿಗೊಡುವ ನ್ಯಾರೇಟಿವ್ ಮೆಡಿಸಿನ್ ಕಾರ್ಯಕ್ರಮ. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ವಿಜ್ಞಾನದ ಇತಿಹಾಸ ಮತ್ತು ತತ್ವಶಾಸ್ತ್ರಕ್ಕೆ ಇಂಗ್ಲಿಷ್ ಮಾಧ್ಯಮದ ಎರಡು ವರ್ಷದ ಮಾಸ್ಟರ್ಸ್. ಹುಡುಕುವಾಗ ಈ ಎಲ್ಲ ಹೆಸರುಗಳನ್ನೂ ಬಳಸಿ.

ಆದರೆ ವಿಭಾಗಕ್ಕಿಂತ ಮನುಷ್ಯ ಮುಖ್ಯ. ನಿಮ್ಮ ಪ್ರಶ್ನೆಗೆ ಹತ್ತಿರದ ಲೇಖನಗಳನ್ನು ಓದುವಾಗ ಯಾರ ಹೆಸರು ಮತ್ತೆ ಮತ್ತೆ ಬರುತ್ತದೆ ಅಂತ ಗಮನಿಸಿ. ಅವರು ಈಗ ಎಲ್ಲಿದ್ದಾರೆ, ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆಯೇ, ನಿವೃತ್ತಿಗೆ ಹತ್ತಿರವಿದ್ದಾರೆಯೇ ನೋಡಿ. ಈ ಕೊನೆಯದನ್ನು ನೋಡದೆ ಅರ್ಜಿ ಹಾಕುವವರು ಬಹಳ.

ಪಿಎಚ್‌ಡಿಗಾದರೆ ಅವರಿಗೊಂದು ಇಮೇಲ್ ಬರೆಯಿರಿ. ಉದ್ದ ಬೇಡ. ಹೀಗಿದ್ದರೆ ಸಾಕು:

"ನಮಸ್ಕಾರ. ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದೇನೆ. ಸಿಡುಬು ಗುರುತಿನ ಕಾರ್ಡ್‌ಗಳನ್ನು ಹಳ್ಳಿಯ ಜನ ಹೇಗೆ ಓದಿಕೊಂಡರು ಎಂಬುದರ ಮೇಲೆ ಪಿಎಚ್‌ಡಿ ಮಾಡಬೇಕೆಂದಿದ್ದೇನೆ. ಲಸಿಕೆ ಪ್ರಚಾರದ ಚಿತ್ರಗಳ ಕುರಿತ ನಿಮ್ಮ ಲೇಖನದಲ್ಲಿ ನಗರದ ಭಿತ್ತಿಪತ್ರಗಳ ಚರ್ಚೆಯಿದೆ. ನಾನು ಕೈಯಲ್ಲಿ ಹಿಡಿದು ತೋರಿಸುವ ಚಿತ್ರಗಳನ್ನು ನೋಡಲು ಹೊರಟಿದ್ದೇನೆ. ಮುಂದಿನ ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ? ಒಂದು ಪುಟದ ಟಿಪ್ಪಣಿ ಜೊತೆಗಿದೆ."

ಇಷ್ಟೇ. ಹೊಗಳಿಕೆ ಇಲ್ಲ, ಜೀವನಚರಿತ್ರೆ ಇಲ್ಲ, "ದಯವಿಟ್ಟು ನನಗೊಂದು ಸ್ಕಾಲರ್‌ಶಿಪ್ ಕೊಡಿಸಿ" ಅನ್ನುವ ಮಾತಂತೂ ಇಲ್ಲವೇ ಇಲ್ಲ. ಎರಡು ಮೂರು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ. ಆಮೇಲೂ ಬರದಿದ್ದರೆ ಬೇರೆಯವರನ್ನು ನೋಡಿ, ಬೇಜಾರು ಮಾಡಿಕೊಳ್ಳುವಂಥದ್ದಲ್ಲ. ಒಂದೇ ಇಮೇಲನ್ನು ಇಪ್ಪತ್ತು ಜನಕ್ಕೆ ಕಳಿಸುವುದು ಮಾತ್ರ ಬೇಡ. ಒಂದೇ ವಿಭಾಗದ ಇಬ್ಬರಿಗೆ ಹೋದರೆ ಮಧ್ಯಾಹ್ನದ ಊಟದ ಹೊತ್ತಿಗೆ ಇಬ್ಬರಿಗೂ ಗೊತ್ತಾಗಿರುತ್ತದೆ.

ಹಂತ 4: ದುಡ್ಡು ಎಲ್ಲೆಲ್ಲಿದೆ

ಮೊದಲು ಒಂದು ಕಹಿ ಸತ್ಯ. ಈ ಕ್ಷೇತ್ರದಲ್ಲಿ ಪೂರ್ತಿ ಖರ್ಚು ನೋಡಿಕೊಳ್ಳುವ ದುಡ್ಡು ಪಿಎಚ್‌ಡಿಗೆ ಜಾಸ್ತಿ, ಮಾಸ್ಟರ್ಸ್‌ಗೆ ಕಡಿಮೆ. ಕೈ ಸುಟ್ಟುಕೊಳ್ಳುವುದು ಹೆಚ್ಚಾಗಿ ಒಂದು ವರ್ಷದ ದುಬಾರಿ ಮಾಸ್ಟರ್ಸ್‌ನಲ್ಲಿ. ಸಾಲ ಮಾಡಿ ಅದನ್ನು ಮುಗಿಸಿ, ಪಿಎಚ್‌ಡಿಗೆ ಸೀಟು ಸಿಗದೆ ಕೂರುವುದು ಯಾರಿಗೂ ಬೇಡ. ಪೂರ್ತಿ ಅಥವಾ ಹತ್ತಿರ ಹತ್ತಿರ ಪೂರ್ತಿ ದುಡ್ಡು ಸಿಗದಿದ್ದರೆ ಆ ವರ್ಷ ಮಾಸ್ಟರ್ಸ್‌ಗೆ ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಮಾಸ್ಟರ್ಸ್‌ಗೆ ಇರುವ ದೊಡ್ಡ ಸ್ಕಾಲರ್‌ಶಿಪ್‌ಗಳು ಯಾವ ವಿಷಯಕ್ಕೂ ಮೀಸಲಲ್ಲ. ಗೇಟ್ಸ್ ಕೇಂಬ್ರಿಜ್ 2000ದಲ್ಲಿ ಶುರುವಾದದ್ದು. ಬ್ರಿಟನ್ ಬಿಟ್ಟು ಬೇರೆ ಯಾವ ದೇಶದವರಾದರೂ ಹಾಕಬಹುದು. ವರ್ಷಕ್ಕೆ ಸುಮಾರು 80 ಜನರಿಗೆ ಸಿಗುತ್ತದೆ, ಪಿಎಚ್‌ಡಿಯೂ ಸೇರಿ. ಬೇರೆಯವರ ಬದುಕು ಸುಧಾರಿಸುವ ಬದ್ಧತೆ ಅವರ ಆಯ್ಕೆಯ ಮಾನದಂಡಗಳಲ್ಲಿ ಒಂದು. ಆರೋಗ್ಯದ ಬಗ್ಗೆ ಬರೆಯುವವರಿಗೆ ಇದಕ್ಕೆ ಉತ್ತರಿಸುವುದು ಕಷ್ಟವಲ್ಲ. ಆಕ್ಸ್‌ಫರ್ಡ್‌ನ ಕ್ಲಾರೆಂಡನ್ ಇನ್ನೂ ಸುಲಭ: ಬೇರೆ ಅರ್ಜಿಯೇ ಬೇಡ. ಡಿಸೆಂಬರ್ ಅಥವಾ ಜನವರಿಯ ಗಡುವಿನೊಳಗೆ ಕೋರ್ಸ್‌ಗೆ ಅರ್ಜಿ ಹಾಕಿದ ಎಲ್ಲರನ್ನೂ ತಾವಾಗಿಯೇ ಪರಿಗಣಿಸುತ್ತಾರೆ. ವಿಜ್ಞಾನ, ವೈದ್ಯಕೀಯ, ತಂತ್ರಜ್ಞಾನದ ಇತಿಹಾಸಕ್ಕೆ ಅಲ್ಲಿ ಪ್ರತ್ಯೇಕ ಮಾಸ್ಟರ್ಸ್ ಇದೆ.

ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ಒಂದು ವರ್ಷದ ಮಾಸ್ಟರ್ಸ್‌ಗೆ ಮಾತ್ರ. ಎರಡು ವರ್ಷಕ್ಕೆ ಸಮನಾದ, ಅಂದರೆ 2,800 ಗಂಟೆಯ ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಕಾಲೇಜಿನಿಂದ ನೇರವಾಗಿ ಬರುವವರಿಗೆ ಇದು ಆಗಿಬರುವುದಿಲ್ಲ. ಆಸ್ಪತ್ರೆ, ಪತ್ರಿಕೆ, ವಸ್ತುಸಂಗ್ರಹಾಲಯ, ಎನ್‌ಜಿಒಗಳಲ್ಲಿ ಕೆಲಸ ಮಾಡಿದವರಿಗೆ ಹೇಳಿ ಮಾಡಿಸಿದಂತಿದೆ. ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಅಭಿವೃದ್ಧಿಯ ವಿಷಯಗಳ ಅಡಿಯಲ್ಲಿ ಬರುತ್ತದೆ. ಆರೋಗ್ಯ ವ್ಯವಸ್ಥೆಯನ್ನು ಬಲಪಡಿಸುವುದು ಅದರಲ್ಲೊಂದು. ಇತಿಹಾಸದ ವಿದ್ಯಾರ್ಥಿ ಅಲ್ಲಿ ಹಾಕಬಹುದು. ಆದರೆ ಹಿಂದಿನ ಲಸಿಕೆ ಅಭಿಯಾನದ ಅಧ್ಯಯನ ಇಂದಿನ ಆರೋಗ್ಯ ಕಾರ್ಯಕರ್ತರಿಗೆ ಏನು ಕೊಡುತ್ತದೆ ಎಂದು ಬಿಡಿಸಿ ಹೇಳಬೇಕು. ಯುರೋಪಿನ ಎರಾಸ್ಮಸ್ ಮುಂಡಸ್ ಜಂಟಿ ಮಾಸ್ಟರ್ಸ್‌ನಲ್ಲಿ ತಿಂಗಳಿಗೆ 1,400 ಯೂರೋ, ಗರಿಷ್ಠ 24 ತಿಂಗಳು. ಕೋರ್ಸುಗಳ ಪಟ್ಟಿ ಬದಲಾಗುತ್ತಾ ಇರುತ್ತದೆ, ಪ್ರತಿ ವರ್ಷ ಹೊಸದಾಗಿ ನೋಡಿ.

ಪಿಎಚ್‌ಡಿಯ ಲೆಕ್ಕವೇ ಬೇರೆ. ಅಮೆರಿಕದ ಒಳ್ಳೆಯ ವಿಭಾಗಗಳು ತೆಗೆದುಕೊಂಡ ವಿದ್ಯಾರ್ಥಿಗೆ ಸಾಮಾನ್ಯವಾಗಿ ಐದು ವರ್ಷ ಶುಲ್ಕ ಮನ್ನಾ ಮಾಡಿ ಸ್ಟೈಪೆಂಡ್ ಕೊಡುತ್ತವೆ. ಬದಲಿಗೆ ಕೆಲವು ಸೆಮಿಸ್ಟರ್ ಪಾಠ ಮಾಡಬೇಕು. ಮಾಸ್ಟರ್ಸ್ ಇಲ್ಲದೆಯೂ ನೇರವಾಗಿ ಹಾಕಬಹುದು. ಎಷ್ಟೋ ಜನರಿಗೆ ಈ ವಿಷಯವೇ ಗೊತ್ತಿರುವುದಿಲ್ಲ. ಬ್ರಿಟನ್ನಿನಲ್ಲಿ ಸರ್ಕಾರಿ ಸಂಶೋಧನಾ ಮಂಡಳಿಗಳ ನಿಧಿ 2021ರಿಂದ ಬೇರೆ ದೇಶದವರಿಗೂ ತೆರೆದಿದೆ, ಶೇಕಡಾ 30ರ ಮಿತಿಯೊಳಗೆ. 2025–26ಕ್ಕೆ ಅದರ ಕನಿಷ್ಠ ಸ್ಟೈಪೆಂಡ್ ವರ್ಷಕ್ಕೆ 20,780 ಪೌಂಡ್. ನೆದರ್ಲೆಂಡ್ಸ್, ಸ್ವೀಡನ್‌ಗಳಲ್ಲಿ ಪಿಎಚ್‌ಡಿ ಅಂದರೆ ಹೆಚ್ಚಾಗಿ ನಾಲ್ಕು ವರ್ಷದ ಸಂಬಳದ ಕೆಲಸ. ಅದನ್ನು ಸ್ಕಾಲರ್‌ಶಿಪ್ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ, ವಿಶ್ವವಿದ್ಯಾಲಯದ ಉದ್ಯೋಗ ಪ್ರಕಟಣೆಗಳಲ್ಲಿ ನೋಡಬೇಕು. ಜರ್ಮನಿಗೆ ಹೋಗುವವರು ಅಲ್ಲಿ ಓದಲು ಸ್ಕಾಲರ್‌ಶಿಪ್ ಕೊಡುವ ಡಾಡ್ (DAAD) ಸಂಸ್ಥೆಯ ಜೊತೆಗೆ, 1994ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಮ್ಯಾಕ್ಸ್ ಪ್ಲಾಂಕ್ ವಿಜ್ಞಾನ ಇತಿಹಾಸ ಸಂಸ್ಥೆಯ ಪ್ರಕಟಣೆಗಳ ಮೇಲೂ ಕಣ್ಣಿಡಿ.

ಇದೆಲ್ಲದರ ಜೊತೆ ಸಣ್ಣ ದುಡ್ಡೂ ಇದೆ. ದಾಖಲೆ ಸಂಗ್ರಹ ನೋಡಲು ಹೋಗುವವರಿಗೆ ನ್ಯೂಯಾರ್ಕ್ ರಾಜ್ಯದ ರಾಕ್‌ಫೆಲರ್ ಆರ್ಕೈವ್ ಸೆಂಟರ್, ಮಾಂಟ್ರಿಯಲ್‌ನ ಆಸ್ಲರ್ ಲೈಬ್ರರಿ, ಫಿಲಡೆಲ್ಫಿಯಾದ ಸೈನ್ಸ್ ಹಿಸ್ಟರಿ ಇನ್‌ಸ್ಟಿಟ್ಯೂಟ್ ನೆರವು ಕೊಡುತ್ತವೆ. 1970ರಲ್ಲಿ ಹುಟ್ಟಿದ ಸೊಸೈಟಿ ಫಾರ್ ದಿ ಸೋಷಿಯಲ್ ಹಿಸ್ಟರಿ ಆಫ್ ಮೆಡಿಸಿನ್ ವಿದ್ಯಾರ್ಥಿಗಳಿಗೆ ಪ್ರಬಂಧ ಬಹುಮಾನ, ಸಮ್ಮೇಳನಕ್ಕೆ ಬರಲು ಸಹಾಯಧನ ಕೊಡುತ್ತದೆ. ಮೊತ್ತ ಚಿಕ್ಕದು. ಆದರೆ ಇಂಥದ್ದೊಂದು ಬಯೊಡೇಟಾದಲ್ಲಿದ್ದರೆ ಮುಂದಿನ ಸಮಿತಿಯವರ ಕಣ್ಣಿಗೆ ಬೀಳುತ್ತದೆ.

ವೆಲ್‌ಕಮ್ ಟ್ರಸ್ಟ್ ಹೆಸರನ್ನು ನೀವು ಕೇಳಿರಬಹುದು. ಔಷಧ ಉದ್ಯಮಿ ಹೆನ್ರಿ ವೆಲ್‌ಕಮ್ ಅವರ ಉಯಿಲಿನಂತೆ 1936ರಲ್ಲಿ ಹುಟ್ಟಿದ ಇದು ಈ ಕ್ಷೇತ್ರದ ದೊಡ್ಡ ಪೋಷಕ. ಅದರ ಅರ್ಲಿ ಕರಿಯರ್ ಅವಾರ್ಡ್ ಮಾನವಿಕ ಶಾಸ್ತ್ರದವರಿಗೂ ಇದೆ, ಆದರೆ ಅದು ಪಿಎಚ್‌ಡಿ ಮುಗಿದವರಿಗೆ. ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

ಹಂತ 5: ದಿನಾಂಕಗಳು

ಓದು ಶುರುವಾಗುವುದು ಸೆಪ್ಟೆಂಬರ್ ಹೊತ್ತಿಗಾದರೆ, ಕೆಲಸ ಅದಕ್ಕಿಂತ ಹದಿನೆಂಟು ತಿಂಗಳು ಮುಂಚೆ ಶುರುವಾಗಬೇಕು. ಮಾರ್ಚ್‌ನಿಂದ ಜುಲೈವರೆಗೆ ಓದಿ ಪ್ರಶ್ನೆಯನ್ನು ಗಟ್ಟಿ ಮಾಡಿಕೊಳ್ಳಿ. ಆಗಸ್ಟ್‌ನಲ್ಲಿ ಚೀವ್ನಿಂಗ್ ತೆರೆಯುತ್ತದೆ. ಪ್ರೊಫೆಸರ್‌ಗಳಿಗೆ ಬರೆಯಲು ಸೆಪ್ಟೆಂಬರ್ ಒಳ್ಳೆಯ ಕಾಲ. ಅಮೆರಿಕದ ಹೆಚ್ಚಿನ ಗಡುವುಗಳು ಡಿಸೆಂಬರ್ ಮೊದಲಾರ್ಧದಲ್ಲಿ. ಆಕ್ಸ್‌ಫರ್ಡ್, ಕೇಂಬ್ರಿಜ್ ಡಿಸೆಂಬರ್–ಜನವರಿ. ಇಂಗ್ಲಿಷ್ ಪರೀಕ್ಷೆ, ಅಧಿಕೃತ ಅಂಕಪಟ್ಟಿ ಎರಡನ್ನೂ ಅಕ್ಟೋಬರ್‌ಗೆ ಮುಂಚೆ ಮುಗಿಸಿ. ಅಂಕಪಟ್ಟಿ ಕೈಗೆ ಬರಲು ಎಷ್ಟು ದಿನ ಬೇಕು ಅನ್ನುವುದು ನಿಮ್ಮ ಕೈಯಲ್ಲಿಲ್ಲ.

ಹಂತ 6: ಬರಹ

ಉದ್ದೇಶ ಪತ್ರ, ಸಂಶೋಧನಾ ಪ್ರಸ್ತಾವ, ಬರವಣಿಗೆಯ ಮಾದರಿ. ಮೂರೂ ಬೇರೆ ಬೇರೆ ಕೆಲಸ ಮಾಡಬೇಕು. ಉದ್ದೇಶ ಪತ್ರ ನೀವು ಈ ಪ್ರಶ್ನೆಗೆ ಹೇಗೆ ಬಂದಿರಿ, ಇದೇ ವಿಭಾಗ ಯಾಕೆ ಅಂತ ಹೇಳಬೇಕು. ಪ್ರಸ್ತಾವ ನಿಮ್ಮ ಪ್ರಶ್ನೆ, ಆಕರ, ವಿಧಾನ, ವರ್ಷವಾರು ಯೋಜನೆ ಹೇಳಬೇಕು. ಬರವಣಿಗೆಯ ಮಾದರಿ ನೀವು ಒಂದು ವಾದವನ್ನು ಹಿಡಿದು ಕೊನೆವರೆಗೆ ಕೊಂಡೊಯ್ಯಬಲ್ಲಿರಿ ಅಂತ ತೋರಿಸಬೇಕು. ಮಾದರಿ ವೈದ್ಯಕೀಯದ ಬಗ್ಗೆಯೇ ಇರಬೇಕೆಂದಿಲ್ಲ. ಕವಿತೆಯ ಮೇಲೆ ಬರೆದ ಒಳ್ಳೆಯ ಪ್ರಬಂಧ, ಕಾಯಿಲೆಯ ಮೇಲೆ ಗಡಿಬಿಡಿಯಲ್ಲಿ ಬರೆದ ಪ್ರಬಂಧಕ್ಕಿಂತ ಎಷ್ಟೋ ಮೇಲು.

ಬಾಲ್ಯದಲ್ಲಿ ಆಸ್ಪತ್ರೆಗೆ ಹೋದಾಗಿನಿಂದ ವೈದ್ಯಕೀಯದ ಕುತೂಹಲ ಇತ್ತು ಎಂದು ಶುರು ಮಾಡುವ ಆಸೆ ಆಗುತ್ತದೆ. ಬಿಟ್ಟುಬಿಡಿ. ನೇರವಾಗಿ ಆ ಕಾರ್ಡ್‌ನಿಂದ, ಆ ಪತ್ರದಿಂದ, ಆ ದಾಖಲೆಯಿಂದ ಶುರು ಮಾಡಿ.

ವಿಜ್ಞಾನ ಓದಿಲ್ಲ ಎಂಬ ಅಳುಕನ್ನು ಹಲವರು ಎರಡು ಪ್ಯಾರಾ ಬರೆದು ತೋಡಿಕೊಳ್ಳುತ್ತಾರೆ. ಅದೂ ಬೇಡ. ನಿಮ್ಮ ವಿಷಯಕ್ಕೆ ಬೇಕಾದಷ್ಟು ವಿಜ್ಞಾನವನ್ನು ಹೇಗೆ ಕಲಿಯುತ್ತೀರಿ ಅಂತ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ರೋಗಿಗಳ ಸಂದರ್ಶನ ಅಥವಾ ಆಸ್ಪತ್ರೆಯ ಕಡತ ಬಳಸುವುದಾದರೆ ಮಾತ್ರ ನೈತಿಕ ಸಮಿತಿಯ ಅನುಮತಿ, ಹೆಸರು ಮರೆಮಾಚುವ ಕ್ರಮ, ಇತ್ತೀಚಿನ ಕಡತ ನೋಡಲು ಇರುವ ನಿರ್ಬಂಧ ಇವುಗಳನ್ನು ಬರೆಯಲೇಬೇಕು. ಅದಿಲ್ಲದ ಪ್ರಸ್ತಾವವನ್ನು ಅನುಭವಿಗಳು ಕೂಡಲೇ ಪಕ್ಕಕ್ಕಿಡುತ್ತಾರೆ.

ಹಂತ 7: ಶಿಫಾರಸು ಪತ್ರ ಮತ್ತು ಸಂದರ್ಶನ

ದೊಡ್ಡ ಹುದ್ದೆಯವರ ಎರಡು ಸಾಲಿನ ಪತ್ರಕ್ಕಿಂತ, ನಿಮ್ಮ ಬರಹ ತಿದ್ದಿದ ಮೇಷ್ಟ್ರ ಒಂದು ಪುಟ ಒಳ್ಳೆಯದು. ಕನಿಷ್ಠ ಆರು ವಾರ ಮುಂಚೆ ಕೇಳಿ. ಕೇಳುವಾಗಲೇ ಪ್ರಸ್ತಾವ, ಬಯೊಡೇಟಾ, ಅವರ ತರಗತಿಯಲ್ಲಿ ನೀವು ಬರೆದ ಪ್ರಬಂಧ, ಗಡುವುಗಳ ಪಟ್ಟಿ ಕೊಡಿ. "ನೀನೇ ಬರೆದುಕೊಂಡು ಬಾ, ಸಹಿ ಹಾಕ್ತೀನಿ" ಎನ್ನುವವರು ಸಿಗುತ್ತಾರೆ. "ಸರ್, ಆನ್‌ಲೈನ್‌ನಲ್ಲಿ ನೀವೇ ಹಾಕಬೇಕಂತೆ, ಬೇಕಾದ ಅಂಶಗಳನ್ನು ನಾನು ಪಟ್ಟಿ ಮಾಡಿ ಕೊಡ್ತೀನಿ" ಎಂದು ಹೇಳಿ ನೋಡಿ. ಸಾಮಾನ್ಯವಾಗಿ ಒಪ್ಪುತ್ತಾರೆ.

ಸಂದರ್ಶನದಲ್ಲಿ ನಿಮ್ಮ ವಿಷಯ ಗೊತ್ತಿಲ್ಲದ ಎಂಜಿನಿಯರ್, ಜೀವವಿಜ್ಞಾನಿ ಕೂಡ ಇರಬಹುದು. ಎರಡು ನಿಮಿಷದಲ್ಲಿ ಅವರಿಗೆ ಅರ್ಥವಾಗುವಂತೆ ಹೇಳಲು ಅಭ್ಯಾಸ ಮಾಡಿ. "ಇದರಿಂದ ಒಬ್ಬ ರೋಗಿಗೆ ಏನು ಲಾಭ?" ಎಂಬ ಪ್ರಶ್ನೆಗೆ ಸಿದ್ಧರಾಗಿರಿ. ಸುಮ್ನೆ ದೊಡ್ಡ ಮಾತಾಡಬೇಡಿ. ಲಾಭ ನೇರವಾಗಿಲ್ಲದಿದ್ದರೆ ಇಲ್ಲ ಅಂತಲೇ ಹೇಳಿ, ಯಾಕೆ ಆದರೂ ತಿಳಿಯಬೇಕು ಅಂತ ವಿವರಿಸಿ.

ಹಂತ 8: ಪತ್ರ ಬಂದ ಮೇಲೆ

ಖುಷಿ ಪಟ್ಟು ಮುಗಿದ ಮೇಲೆ ಪತ್ರವನ್ನು ಪೆನ್ನು ಹಿಡಿದು ಓದಿ. ಸ್ಟೈಪೆಂಡ್ ಒಂಬತ್ತು ತಿಂಗಳಿಗೋ ಹನ್ನೆರಡು ತಿಂಗಳಿಗೋ? ಬೇಸಿಗೆಯಲ್ಲಿ ಹೊಟ್ಟೆಪಾಡು ಹೇಗೆ? ಆರೋಗ್ಯ ವಿಮೆ ಯಾರದು? ವರ್ಷಕ್ಕೆ ಎಷ್ಟು ಪಾಠ ಮಾಡಬೇಕು? ಬ್ರಿಟನ್ನಿಗಾದರೆ ವೀಸಾ ಜೊತೆ ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕವನ್ನು ಓದಿನ ಪೂರ್ತಿ ಅವಧಿಗೆ ಮುಂಗಡವಾಗಿ ಕಟ್ಟಬೇಕು. ಗೇಟ್ಸ್ ಕೇಂಬ್ರಿಜ್ ಅದನ್ನು ತುಂಬಿಕೊಡುತ್ತದೆ, ಎಲ್ಲರೂ ಕೊಡುವುದಿಲ್ಲ. ಮೂರು ವರ್ಷಕ್ಕೆ ದುಡ್ಡು ಕೊಟ್ಟು ನಾಲ್ಕು ವರ್ಷದ ಕೆಲಸ ನಿರೀಕ್ಷಿಸುವ ಕಡೆ ಕೊನೆಯ ವರ್ಷಕ್ಕೆ ಏನು ವ್ಯವಸ್ಥೆ ಎಂದು ಈಗಲೇ ಕೇಳಿ.

ಅಮೆರಿಕದಿಂದ ಎರಡು ಕಡೆ ಕರೆ ಬಂದರೆ ಗಾಬರಿಯಿಂದ ಒಂದಕ್ಕೆ ಹೂಂ ಅನ್ನಬೇಡಿ. ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಸಹಿ ಹಾಕಿರುವ ಒಪ್ಪಂದದ ಪ್ರಕಾರ ಆರ್ಥಿಕ ನೆರವಿನ ಕರೆಗೆ ಉತ್ತರಿಸಲು ಏಪ್ರಿಲ್ 15ರವರೆಗೆ ಸಮಯವಿದೆ. ಅಷ್ಟರೊಳಗೆ ಎರಡೂ ವಿಭಾಗದ ಈಗಿನ ವಿದ್ಯಾರ್ಥಿಗಳ ಜೊತೆ ಮಾತಾಡಿ. ಗೈಡ್ ಕರಡನ್ನು ಎಷ್ಟು ದಿನದಲ್ಲಿ ಓದಿ ಕೊಡುತ್ತಾರೆ, ಸ್ಟೈಪೆಂಡ್‌ನಲ್ಲಿ ಬಾಡಿಗೆ ಕಟ್ಟಿ ಎಷ್ಟು ಉಳಿಯುತ್ತದೆ, ದಾಖಲೆ ಸಂಗ್ರಹಗಳಿಗೆ ಹೋಗಲು ಪ್ರತ್ಯೇಕ ದುಡ್ಡು ಇದೆಯೇ ಎಂದು ಕೇಳಿ. ಒಂದು ಕಡೆ ಗೈಡ್ ಚೆನ್ನಾಗಿದ್ದು ದುಡ್ಡು ಕಡಿಮೆಯಿದ್ದರೆ, ಇನ್ನೊಂದು ಕಡೆಯ ಮೊತ್ತವನ್ನು ವಿನಯದಿಂದ ತಿಳಿಸಿ ಹೆಚ್ಚಿಸಲು ಸಾಧ್ಯವೇ ಎಂದು ಕೇಳಬಹುದು. ಕೇಳಿದ ಮಾತ್ರಕ್ಕೆ ಕೊಟ್ಟ ಸೀಟನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಉತ್ತರವನ್ನು ಮಾತಿನಲ್ಲಲ್ಲ, ಬರಹದಲ್ಲಿ ಪಡೆದುಕೊಳ್ಳಿ.